ಗಾಳಿ ಎಲ್ಲರದು, ಹಲಗೆ ಯಾರದೋ

ಮಕ್ಕಳೇ, ಆಷಾಢ ಕಾಲಿಟ್ಟಿತೆಂದರೆ ನಮ್ಮ ಕಂಬಂ ಕಣಿವೆಯಲ್ಲಿ ಗಾಳಿಯದೇ ಮಾತು. ಯಾರದೋ ಬಾಳೆತೋಟ ಮಲಗಿತು, ಯಾರದೋ ದ್ರಾಕ್ಷಿ ಚಪ್ಪರ ವಾಲಿತು, ದನದ ಕೊಟ್ಟಿಗೆಯ ತಗಡು ಪಕ್ಕದ ಹೊಲಕ್ಕೆ ಹೋಗಿ ಬಿತ್ತು. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರೀತು ಎಂದು ತಮಿಳಿನಲ್ಲಿ ಗಾದೆಯೇ ಇದೆ. ಕೇರಳದ ಮಗ್ಗುಲಲ್ಲಿ ಮಳೆಯನ್ನೆಲ್ಲ ಸುರಿಸಿದ ನೈಋತ್ಯ ಮಾರುತ ಏಲಕ್ಕಿ ಬೆಟ್ಟಗಳ ಇಳಿಜಾರಿನಲ್ಲಿ ಒಣಗಿ, ಕಣಿವೆಯ ಬಾಯಿಂದ ನುಗ್ಗಿ ನಮ್ಮ ಮೇಲೆ ಬೀಳುತ್ತದೆ. ಅದೇ ಗಾಳಿ ಮುಂದೆ ಹೋಗಿ ಆಂಡಿಪಟ್ಟಿ, ಕಂಡಮನೂರು ಬಯಲಿನ ಗಾಳಿಯಂತ್ರಗಳನ್ನು ತಿರುಗಿಸುತ್ತದೆ. ನಮಗೆ ಗಾಳಿ ಎಂದರೆ ಒಂದೋ ನಷ್ಟ, ಇಲ್ಲವೇ ಕರೆಂಟು. ಅದರ ಬೆನ್ನೇರಿ ನೀರಿನ ಮೇಲೆ ಆಟ ಆಡಬಹುದು ಎಂಬುದು ನಿಮ್ಮ ತಲೆಮಾರಿಗೆ ಹೊಳೆದ ವಿಷಯ. ಒಂದು ಹಲಗೆ, ಅದರ ಮೇಲೊಂದು ಹಾಯಿ, ಹಾಯಿ ಹಿಡಿದು ನಿಂತ ಒಬ್ಬ ಮನುಷ್ಯ. ವಿಂಡ್‌ಸರ್ಫಿಂಗ್ ಕಲಿಯಬೇಕು ಎಂದು ನೀವು ಕೇಳಿದ್ದೀರಿ. ಮನೆಯಲ್ಲಿ ಹಿರಿಯರು ಬೇಡ ಎನ್ನುತ್ತಿದ್ದಾರೆ. ನಾನು ಬೇಕು ಎನ್ನುವವನು. ಹೊರಡುವ ಮುಂಚೆ ನನ್ನದೊಂದು ಮಾತು ಕೇಳಿಸಿಕೊಳ್ಳಿ.

ಕಡಲಿಲ್ಲದ ಊರಿನವರಿಗೆ ಕಡಲ ಆಟ ಯಾಕೆ ಎಂಬ ತಕರಾರು ಮೊದಲು ತೀರಲಿ. 2023ರ ಸೆಪ್ಟೆಂಬರ್‌ನಲ್ಲಿ ಚೀನಾದಲ್ಲಿ ಏಷ್ಯನ್ ಗೇಮ್ಸ್ ನಡೆದಾಗ ನಿಂಗ್ಬೋ ಕಡಲಲ್ಲಿ ಹಾಯಿಯ ಪಂದ್ಯಗಳಿದ್ದವು. ಅಲ್ಲಿ ಗಂಡಸರ ವಿಂಡ್‌ಸರ್ಫಿಂಗಿನಲ್ಲಿ ನಮ್ಮ ದೇಶಕ್ಕೆ ಕಂಚು ತಂದವನು ಇಬಾದ್ ಅಲಿ. ಅದೇ ದಿನ ಹುಡುಗಿಯರ ಸಣ್ಣ ಹಾಯಿದೋಣಿಯಲ್ಲಿ ಬೆಳ್ಳಿ ಗೆದ್ದವಳು ನೇಹಾ ಠಾಕೂರ್. ಇಬ್ಬರೂ ಪಳಗಿದ್ದು ಭೋಪಾಲದ ದೊಡ್ಡ ಕೆರೆಯಲ್ಲಿ. ಭೋಪಾಲದಿಂದ ಕಡಲು ನಮ್ಮ ಊರಿಗಿಂತ ಎಷ್ಟೋ ಪಾಲು ದೂರ. ನೇಹಾ ದೇವಾಸ್ ಜಿಲ್ಲೆಯ ರೈತನ ಮಗಳು. ನಮ್ಮಲ್ಲೇ ನೋಡಿ: 2019ರಲ್ಲಿ ತಲೈಮನ್ನಾರಿನಿಂದ ಧನುಷ್ಕೋಡಿಗೆ ಪಾಕ್ ಜಲಸಂಧಿಯನ್ನು ಈಜಿ ಬಂದ ಹತ್ತು ವರ್ಷದ ಹುಡುಗ ಜೈ ಜಸ್ವಂತ್ ತೇನಿಯವನು. ಹತ್ತು ತಾಸಿಗೂ ಮಿಕ್ಕು ನೀರಿನಲ್ಲಿದ್ದ. ಅಷ್ಟು ಹೊತ್ತೂ ಪಕ್ಕದಲ್ಲಿ ದೋಣಿ ಸಾಗುತ್ತಿತ್ತು; ದೋಣಿಯಲ್ಲಿ ಅವನ ಮೇಲೆ ಕಣ್ಣಿಟ್ಟು ಕೂತ ಜನ ಇದ್ದರು. ಪತ್ರಿಕೆಯ ಚಿತ್ರದಲ್ಲಿ ಹುಡುಗ ಒಬ್ಬನೇ ಕಾಣುತ್ತಾನೆ. ನೀವು ಆ ದೋಣಿಯನ್ನೂ ನೋಡುವುದನ್ನು ಕಲಿಯಬೇಕು ಎಂಬುದೇ ನನ್ನ ಆಸೆ.

ಹಲಗೆಯ ಮೇಲೆ ಒಬ್ಬನೇ ನಿಂತಿರುತ್ತಾನಲ್ಲ, ಅದಕ್ಕೆ ಈ ಆಟ ಒಂಟಿ ಸಲಗಗಳದು ಎಂದು ನೋಡುವವರಿಗೆ ಅನಿಸುತ್ತದೆ. ಅದು ಹುಟ್ಟಿದ ಬಗೆ ತಿಳಿದರೆ ಹಾಗೆ ಅನಿಸುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಎಂಬಿಬ್ಬರು 1968ರಲ್ಲಿ ಇದಕ್ಕೆ ಪೇಟೆಂಟ್ ಕೇಳಿದರು. ಹಾಯಿಯ ಕಂಬವನ್ನು ಹಲಗೆಗೆ ಬಿಗಿಯಾಗಿ ನೆಡದೆ, ಯಾವ ಕಡೆಗೆ ಬೇಕಾದರೂ ಬಾಗುವ ಕೀಲಿನ ಮೇಲೆ ಕೂರಿಸಿದ್ದು ಇದರ ಗುಟ್ಟು. ಚುಕ್ಕಾಣಿ ಇಲ್ಲ; ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿ ಬೀಸುವ ದಿಕ್ಕಿಗೆ ಹೊರಳುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಗೆದುರಾಗಿ ಏರುತ್ತದೆ. ಆದರೆ ಅವರಿಗಿಂತ ಮೊದಲೇ, 1964ರಲ್ಲಿ, ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ ಕೈಯಲ್ಲಿ ಹಿಡಿಯುವ ಹಾಯಿಯ ಹಲಗೆಯೊಂದನ್ನು ಮಾಡಿ, ಮರುವರ್ಷ ಅದನ್ನು ಕಟ್ಟುವ ರೀತಿಯನ್ನು ಪತ್ರಿಕೆಯಲ್ಲಿ ಬರೆದು ಎಲ್ಲರಿಗೂ ಹಂಚಿಬಿಟ್ಟಿದ್ದ. ಅದಕ್ಕೂ ಮೊದಲು, 1958ರಲ್ಲಿ, ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗ ಸಿಕ್ಕ ಸಾಮಾನು ಸೇರಿಸಿ ಇಂಥದೇ ಒಂದರ ಮೇಲೆ ಆಡಿದ್ದ. ಪೇಟೆಂಟಿನ ಜಗಳ ಇಂಗ್ಲೆಂಡಿನ ಕೋರ್ಟು ಹತ್ತಿದಾಗ ಆ ಹುಡುಗನ ಆಟವೇ ಸಾಕ್ಷಿಯಾಯಿತು. 1985ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಈ ಉಪಾಯಕ್ಕೆ ಒಬ್ಬರ ಹಕ್ಕು ಸಲ್ಲದು ಎಂದು ತೀರ್ಪು ಕೊಟ್ಟಿತು. ಡ್ರೇಕ್, ಶ್ವೈಟ್ಜರ್ ಅವರ ಶ್ರಮ ಸಣ್ಣದು ಎಂದು ನಾನು ಹೇಳುತ್ತಿಲ್ಲ. ಆಟವನ್ನು ಜಗತ್ತಿಗೆಲ್ಲ ಹಬ್ಬಿಸಿದವರು ಅವರೇ. ಆದರೂ ಆ ತೀರ್ಪು ನನ್ನ ಮನಸ್ಸಿಗೆ ಹಿತ.

ಯಾರೊಬ್ಬರಿಗೂ ಸೇರದ ಸ್ವತ್ತು ಹೇಗೆ ಬಾಳುತ್ತದೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಕನ್ನಡನಾಡಿನಿಂದ ದನ ಹೊಡೆದುಕೊಂಡು ಈ ಕಣಿವೆಗೆ ಇಳಿದು ಬಂದವರು ನಾವು ಎಂದು ಕಪ್ಪಿಲಿಯ ಒಕ್ಕಲಿಗರ ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಕಂಬಂ ಊರಿನ ನಂದಗೋಪಾಲನ್ ತಂಬಿರಾನ್ ದನದ ದೊಡ್ಡಿಗೆ ನೀವು ಮಾಟ್ಟುಪ್ಪೊಂಗಲ್ ದಿನ ಹೋಗಿದ್ದೀರಿ. ಅಲ್ಲಿ ವಿಗ್ರಹ ಇಲ್ಲ, ಪಟ್ಟದ ಗೂಳಿಯೇ ದೇವರು. ಹರಕೆ ಹೊತ್ತವರು ಕರು ತಂದು ಬಿಡುತ್ತಾರೆ. ಬಿಟ್ಟ ಮೇಲೆ ಅದು ಅವರದಲ್ಲ, ಮಂದೆಯದು. ಮೇವು ಯಾರೋ ತರುತ್ತಾರೆ, ಮೇಯಿಸಲು ಯಾರೋ ಹೋಗುತ್ತಾರೆ, ಕಾಯಿಲೆ ಬಿದ್ದರೆ ಊರೇ ವಿಚಾರಿಸುತ್ತದೆ. ಗಾಳಿಯ ಆಟದ ಒಳ್ಳೆಯ ಗುಂಪುಗಳೂ ಹೀಗೆಯೇ ನಡೆಯುತ್ತವೆ. ಹೊಸ ಹಾಯಿ, ಹಲಗೆ ಲಕ್ಷಗಟ್ಟಲೆ ಬೆಲೆಯವು. ಹೀಗಾಗಿ ಬಹಳ ಮಂದಿ ಕಲಿಯುವುದು ಇನ್ನೊಬ್ಬರ ಹಲಗೆಯ ಮೇಲೆ.

ಹಾಂಗ್‌ಕಾಂಗಿಗೆ ಒಲಿಂಪಿಕ್ಸ್‌ನಲ್ಲಿ ಮೊಟ್ಟಮೊದಲ ಚಿನ್ನ ಬಂದದ್ದು ವಿಂಡ್‌ಸರ್ಫಿಂಗಿನಿಂದ, 1996ರಲ್ಲಿ. ಗೆದ್ದವಳು ಲೀ ಲೈ ಶಾನ್, ಚಿಯುಂಗ್ ಚೌ ಎಂಬ ಸಣ್ಣ ದ್ವೀಪದವಳು. ಅವಳ ಸೋದರಮಾವ ಆ ದ್ವೀಪದ ದಡದಲ್ಲಿ ವಿಂಡ್‌ಸರ್ಫಿಂಗ್ ಕೇಂದ್ರ ನಡೆಸುತ್ತಿದ್ದ. ಹುಡುಗಿ ಹಲಗೆ ಹತ್ತಿದ್ದು ಅಲ್ಲಿ. ಅವಳಿಗೆ ಅಖಾಡವಾದದ್ದು ಮಾವನ ಅಂಗಳ.

ಚೆನ್ನೈ ಪಕ್ಕದ ಕೋವಳಂ ಮೀನುಗಾರರ ಕುಪ್ಪದ ಮೂರ್ತಿ ಮೇಗವನ್ ಅವರ ಕಥೆ ನಮಗೆ ಇನ್ನೂ ಹತ್ತಿರದ್ದು. ಮರದ ಹಲಗೆಯ ಮೇಲೆ ಅಲೆ ಸವಾರಿ ಮಾಡುತ್ತಿದ್ದ ಬೆಸ್ತರ ಹುಡುಗ ಅವರು. ಆಮೇಲೆ ಹೊರಗಿನಿಂದ ಬಂದವರ ಸರ್ಫಿಂಗ್ ಹಲಗೆ ಕೈಗೆ ಸಿಕ್ಕಿತು. ಚೆನ್ನೈಯ ಉದ್ಯಮಿ ಅರುಣ್ ವಾಸು ಅವರ ಪರಿಚಯವಾಯಿತು. ವಾಸು ಸ್ವತಃ ವಿಂಡ್‌ಸರ್ಫಿಂಗಿನ ಹುಚ್ಚು ಹಚ್ಚಿಕೊಂಡವರು. ಇಬ್ಬರೂ ಸೇರಿ 2012ರಲ್ಲಿ ಅಲ್ಲಿ ಸರ್ಫಿಂಗ್ ಶಾಲೆ ಕಟ್ಟಿದರು. ಮೂರ್ತಿ ತಮ್ಮ ಕುಪ್ಪದ ಹುಡುಗರಿಗೆ ಕಾಸಿಲ್ಲದೆ ಕಲಿಸಿದರು. ಕುಡಿಯಬಾರದು, ಸೇದಬಾರದು ಎಂಬುದಷ್ಟೇ ಅವರು ಕೇಳಿದ ಫೀಸು. ಆ ಹುಡುಗರಲ್ಲಿ ಕೆಲವರು ದೇಶಮಟ್ಟದಲ್ಲಿ ಗೆದ್ದರು, ಕೆಲವರು ಗುರುಗಳಾದರು. ಕಾರಿನಲ್ಲಿ ಬಂದವನೂ ಬಲೆ ಎಳೆಯುವವನೂ ಕಡಲಲ್ಲಿ ಒಂದೇ ಅಲೆಗೆ ಕಾಯುತ್ತಾರೆ. ಈ ಸಮಾನತೆ ದಡಕ್ಕೆ ಬಂದ ಮೇಲೂ ಉಳಿಯಬೇಕಾದರೆ ಯಾರಾದರೂ ಕೈಯಾರೆ ಕೆಲಸ ಮಾಡಬೇಕು. ಅವರಿಬ್ಬರು ಮಾಡಿದರು.

ಇನ್ನೊಬ್ಬನ ಹೆಸರು ಕೇಳಿದರೆ ನಿಮಗೆ ಖುಷಿಯಾದೀತು: ರಮೇಶ್ ಬೂದಿಹಾಳ್. ಕರ್ನಾಟಕದಿಂದ ಹೊಟ್ಟೆಪಾಡಿಗೆ ಕೇರಳದ ಕೋವಳಂಗೆ ಹೋಗಿ, ಮರಳ ದಂಡೆಯಲ್ಲಿ ಕರಕುಶಲ ಸಾಮಾನು ಮಾರಿದ ಕುಟುಂಬದ ಹುಡುಗ. ನಮ್ಮ ಹಾಗೆಯೇ ಬೇರೆ ನುಡಿಯ ಸೀಮೆಯಲ್ಲಿ ಬೇರು ಬಿಟ್ಟವರು. ಅಲ್ಲಿನ ಸರ್ಫ್ ಕ್ಲಬ್ಬು ಬಡಮಕ್ಕಳಿಗೆ ಹಲಗೆ ಕೊಡುತ್ತಿತ್ತು, ಒಂದು ಷರತ್ತಿನ ಮೇಲೆ: ಶಾಲೆಗೆ ಹೋದವರಿಗೆ ಮಾತ್ರ ಕಡಲು. ಆ ಹಲಗೆಯ ಮೇಲೆ ಬೆಳೆದ ರಮೇಶ್ 2025ರ ಆಗಸ್ಟಿನಲ್ಲಿ ಮಾಮಲ್ಲಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ. ಆ ಕೂಟದಲ್ಲಿ ಭಾರತೀಯನೊಬ್ಬ ವೈಯಕ್ತಿಕ ಪದಕ ಮುಟ್ಟಿದ್ದು ಅದೇ ಮೊದಲು. ಸರ್ಫಿಂಗ್ ಬೇರೆ, ಹಾಯಿ ಕಟ್ಟಿದ ಹಲಗೆ ಬೇರೆ, ನನಗೆ ಗೊತ್ತು. ಆದರೆ ಹಲಗೆ ಕೊಡುವ ಕೈಗಳು ಎರಡು ಕಡೆಯೂ ಒಂದೇ ಬಗೆಯವು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಜಗತ್ತಿನ ಹಾಯಿ ಪಂದ್ಯಗಳೆಲ್ಲ ಒಂದು ನಿಯಮದ ಪುಸ್ತಕದಂತೆ ನಡೆಯುತ್ತವೆ. ವಿಂಡ್‌ಸರ್ಫಿಂಗಿಗೂ ಅದೇ. ಯಾರು ಯಾರಿಗೆ ದಾರಿ ಬಿಡಬೇಕು, ಗುರುತಿನ ತೇಲುಬುರುಡೆಯನ್ನು ಹೇಗೆ ಸುತ್ತಬೇಕು, ತಪ್ಪು ಮಾಡಿದರೆ ದಂಡ ಏನು ಎಂದು ಪುಟಗಟ್ಟಲೆ ಇದೆ. ಅದರಲ್ಲಿ ಎಲ್ಲಕ್ಕಿಂತ ಮೊದಲು ಅಚ್ಚಾಗಿರುವ ನಿಯಮ ಯಾವುದು ಗೊತ್ತೇ? ಅಪಾಯದಲ್ಲಿರುವ ಯಾವ ಮನುಷ್ಯನಿಗೇ ಆಗಲಿ, ದೋಣಿಗೇ ಆಗಲಿ, ತನ್ನಿಂದ ಆದಷ್ಟೂ ನೆರವು ಕೊಡಲೇಬೇಕು ಎಂಬುದು. ಗೆಲ್ಲುವ ಮಾತೆಲ್ಲ ಅದರ ನಂತರ.

1988ರ ಸೋಲ್ ಒಲಿಂಪಿಕ್ಸ್‌ನ ಹಾಯಿ ಪಂದ್ಯಗಳು ಪೂಸಾನ್ ಕಡಲಲ್ಲಿ ನಡೆದವು. ಕೆನಡಾದ ಲಾರೆನ್ಸ್ ಲೆಮ್ಯು ಒಬ್ಬನೇ ನಡೆಸುವ ಫಿನ್ ದೋಣಿಯಲ್ಲಿ ಆ ದಿನದ ಓಟದಲ್ಲಿ ಎರಡನೆಯ ಸ್ಥಾನದಲ್ಲಿದ್ದ. ಗಾಳಿ ಇದ್ದಕ್ಕಿದ್ದಂತೆ ಜೋರಾಯಿತು, ಅಲೆಗಳು ಆಳೆತ್ತರ ಮೀರಿದವು. ಪಕ್ಕದ ಇನ್ನೊಂದು ಪಂದ್ಯದಲ್ಲಿದ್ದ ಸಿಂಗಾಪುರದ ಇಬ್ಬರ ದೋಣಿ ಮಗುಚಿತ್ತು. ಒಬ್ಬ ದೋಣಿಗೆ ಅಂಟಿಕೊಂಡಿದ್ದ, ಇನ್ನೊಬ್ಬ ಕೊಚ್ಚಿಹೋಗುತ್ತಿದ್ದ. ಲೆಮ್ಯು ತನ್ನ ದಾರಿ ಬಿಟ್ಟು ಅವರ ಕಡೆ ತಿರುಗಿದ. ಇಬ್ಬರನ್ನೂ ನೀರಿನಿಂದ ಎಳೆದುಕೊಂಡ, ಕಾವಲು ದೋಣಿ ಬರುವವರೆಗೆ ಅಲ್ಲೇ ನಿಂತ, ಆಮೇಲೆ ತನ್ನ ಓಟ ಮುಂದುವರಿಸಿ ಎಷ್ಟೋ ಜನರ ಹಿಂದೆ ಬಂದು ಮುಟ್ಟಿದ. ತೀರ್ಪುಗಾರರು ಆ ಓಟದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಮರಳಿ ಕೊಟ್ಟರು. ಒಟ್ಟು ಪಂದ್ಯದಲ್ಲಿ ಪದಕ ಬರಲಿಲ್ಲ. ಒಲಿಂಪಿಕ್ ಸಮಿತಿ ಪಿಯರ್ ದ ಕೂಬರ್ತಾನ್ ಹೆಸರಿನ ಪದಕ ಕೊಟ್ಟು ಗೌರವಿಸಿತು. ಆ ವರ್ಷ ಫಿನ್‌ನಲ್ಲಿ ಚಿನ್ನ ಗೆದ್ದವನ ಹೆಸರು ಹಾಯಿ ಆಟ ಬಲ್ಲವರಲ್ಲೂ ಅನೇಕರಿಗೆ ನೆನಪಿರಲಾರದು. ಲೆಮ್ಯುವಿನ ಹೆಸರನ್ನು ಕಲಿಸುವವರು ಇವತ್ತಿಗೂ ಮಕ್ಕಳಿಗೆ ಹೇಳುತ್ತಾರೆ.

ನೀವು ಕಲಿಯಲು ಹೋದಲ್ಲಿ ಗುಂಪನ್ನು ಅಳೆಯುವುದಾದರೆ ಇದರಿಂದಲೇ ಅಳೆಯಿರಿ. ವೇಗವಾಗಿ ಓಡಿಸುವವನು ಯಾರು ಎಂದು ನೋಡಬೇಡಿ. ಸಂಜೆ ದಡಕ್ಕೆ ಬಂದ ಮೇಲೆ ನೀರಿನ ಕಡೆ ಮುಖ ಮಾಡಿ, ಇನ್ನೂ ಯಾರು ಬರಬೇಕಿದೆ ಎಂದು ತಲೆ ಎಣಿಸುವವನು ಯಾರು ನೋಡಿ. ಅವನ ಹತ್ತಿರ ಕಲಿಯಿರಿ. ಯಾರೂ ಹಾಗೆ ಎಣಿಸದ ಗುಂಪಾದರೆ ಎಷ್ಟೇ ಹೊಸ ಸಾಮಾನಿರಲಿ, ಎಷ್ಟೇ ಹೆಸರಿರಲಿ, ಬಸ್ಸು ಹತ್ತಿ ಮನೆಗೆ ಬನ್ನಿ.

ಇದು ಬರೀ ಸೌಜನ್ಯದ ಮಾತಲ್ಲ, ಪ್ರಾಣದ್ದು. ನಮ್ಮ ಕಣಿವೆ ದಾಟಿದ ಪಡುವಣ ಗಾಳಿ ಪೂರ್ವ ಕರಾವಳಿಗೆ ಹೋಗಿ ನೆಲ ಬಿಟ್ಟು ಕಡಲಿಗೆ ಇಳಿಯುತ್ತದೆ. ದಡದ ಪಕ್ಕ ನೀರು ಹಾಸಿದ ಚಾಪೆಯಂತೆ ಸಮವಾಗಿ ಕಾಣುತ್ತದೆ, ಹೊಸಬರಿಗೆ ಅದೇ ಆಸೆ ಹುಟ್ಟಿಸುತ್ತದೆ. ನೂರು ಮಾರು ಒಳಗೆ ಹೋದರೆ ಗಾಳಿ ಹಿಡಿದು ಒಳಕಡಲಿಗೆ ತಳ್ಳಲು ಶುರು. ನೆಲದಿಂದ ಕಡಲ ಕಡೆ ಬೀಸುವ ಗಾಳಿಯಲ್ಲಿ ಕಲಿಯುವವರು ಇಳಿಯಬಾರದು ಎಂಬುದು ಎಲ್ಲ ಕಡಲಿನಲ್ಲೂ ನಡೆಯುವ ಮಾತು. ಬಿದ್ದರೆ ಹಲಗೆ ಬಿಡಬೇಡಿ. ಈಜು ಎಷ್ಟೇ ಬರಲಿ, ದಡ ಎಷ್ಟೇ ಹತ್ತಿರ ಕಾಣಲಿ, ಹಲಗೆ ತೇಲುತ್ತದೆ, ದೂರದಿಂದ ಕಣ್ಣಿಗೂ ಬೀಳುತ್ತದೆ. ಅದರ ಮೇಲೆ ಕೂತು ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ, ನೆರವು ಬೇಕು ಎಂದು ಜಗತ್ತಿನ ಯಾವ ಮೂಲೆಯ ಹಾಯಿಯವನಿಗೂ ಅರ್ಥವಾಗುತ್ತದೆ. ನಿಮಗೆ ಅಂಥ ಕೈ ಕಂಡರೆ ನೀವು ಆಗ ಎಷ್ಟೇ ಚೆನ್ನಾಗಿ ಓಡುತ್ತಿರಿ, ತಿರುಗಿ.

ಊರ ಮೀನುಗಾರರನ್ನು ಕೇಳದೆ ನೀರಿಗೆ ಇಳಿಯಬೇಡಿ ಎಂಬುದೂ ಇದಕ್ಕೆ ಸೇರಿದ ಮಾತು. ವಾಡೆ ಎಂಬ ಬಡಗಣ ಗಾಳಿ ಯಾವಾಗ ಏಳುತ್ತದೆ, ಕೊಂಡಲ್ ಎಂಬ ಮೂಡಣ ಗಾಳಿ ಯಾವಾಗ ಮಳೆ ತರುತ್ತದೆ, ಯಾವ ಬಂಡೆಯ ಪಕ್ಕ ಸೆಳೆತ ಇದೆ ಎಂಬುದು ಅವರ ಕೈಬೆರಳ ತುದಿಯಲ್ಲಿ. ಫೋನು ಗಾಳಿಯ ವೇಗ ಹೇಳುತ್ತದೆ. ನಿಮ್ಮನ್ನು ಹುಡುಕಿಕೊಂಡು ಬರುವುದು ಮಾತ್ರ ಅವರ ದೋಣಿ. ಅವರ ಬಲೆ ಹರಡಿದ ಜಾಗದಲ್ಲಿ ಹಲಗೆ ಓಡಿಸಿ ಬಲೆ ಹರಿದರೆ ಅದು ಒಂದು ಮನೆಯ ಊಟ.

ಮೊದಮೊದಲು ಬೀಳುವುದೇ ಪಾಠ. ನೀರಲ್ಲಿ ಬಿದ್ದ ಹಾಯಿಯ ಮೇಲೆ ನೀರು ಕೂತು ಅದು ಕಲ್ಲಿನ ಹಾಗೆ ಭಾರವಾಗುತ್ತದೆ. ರಟ್ಟೆಯ ಬಲದಿಂದ ಒಮ್ಮೆಲೇ ಕಿತ್ತೆತ್ತಲು ಹೋದವರು ಸೊಂಟ ಹಿಡಿಸಿಕೊಳ್ಳುತ್ತಾರೆ. ಹಗ್ಗ ಹಿಡಿದು, ಬೆನ್ನು ನೇರ ಮಾಡಿ, ಮೊಣಕಾಲು ಸ್ವಲ್ಪ ಬಾಗಿಸಿ, ಮೈಯ ತೂಕವನ್ನು ಹಿಂದಕ್ಕೆ ಬಿಟ್ಟು ಕಾದರೆ ನೀರು ತಾನಾಗಿ ಜಾರಿ ಹಾಯಿ ಮೇಲೇಳುತ್ತದೆ. ಈ ಕಾಯುವುದನ್ನು ನಿಮಗೆ ಯಾರೋ ಒಬ್ಬರು ಸೊಂಟದುದ್ದ ನೀರಿನಲ್ಲಿ ನಿಂತು ಹೇಳಿಕೊಡುತ್ತಾರೆ. ಅವರು ಆ ಹೊತ್ತು ತಮ್ಮ ಒಳ್ಳೆಯ ಗಾಳಿಯನ್ನು ಬಿಟ್ಟು ನಿಮಗಾಗಿ ನಿಂತಿರುತ್ತಾರೆ ಎಂಬುದು ಗಮನದಲ್ಲಿರಲಿ. ಒಳ್ಳೆಯ ಗಾಳಿ ಹುಚ್ಚರಿಗೆ ಹಬ್ಬದೂಟದಷ್ಟು ದೊಡ್ಡದು. ಅದನ್ನು ಬಿಟ್ಟುಕೊಟ್ಟವರಿಗೆ ನೀವು ತೀರಿಸಬೇಕಾದ ಸಾಲವನ್ನು ಅವರಿಗೇ ತೀರಿಸಲಾಗದು. ಮುಂದಿನ ವರ್ಷ ಬರುವ ಹೊಸ ಹುಡುಗನ ಪಕ್ಕ ನೀರಿನಲ್ಲಿ ನಿಂತು ತೀರಿಸಬೇಕು.

ಜೊತೆಗಾರರ ಬಗ್ಗೆ ಒಂದು ಮಾತು. ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಎಂಬ ಚೆನ್ನೈಯ ಜೋಡಿ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದು, ಟೋಕಿಯೋ ಒಲಿಂಪಿಕ್ಸ್‌ಗೂ ಹೋಗಿಬಂದರು. ಗಣಪತಿಯ ಮನೆತನದ ಹೆಸರು ಕೇಳಪಂಡ, ಕೊಡಗಿನದು. ಅವರ ಫಾರ್ಟಿನೈನರ್ (49er) ದೋಣಿ ಹದಿನಾರು ಅಡಿ ಉದ್ದದ್ದು. ಇಬ್ಬರೂ ಅಂಚಿನ ಮೇಲೆ ನಿಂತು ಮೈಯನ್ನು ತಂತಿಗೆ ಜೋತುಹಾಕಿ ನೀರಿನ ಮೇಲೆ ಚಾಚಿಕೊಳ್ಳಬೇಕು. ಒಬ್ಬನ ಹೆಜ್ಜೆ ತಪ್ಪಿದರೆ ಇಬ್ಬರೂ ನೀರಿಗೆ. ಅಂಥ ದೋಣಿಯಲ್ಲಿ ವರ್ಷಗಟ್ಟಲೆ ಜೊತೆ ಉಳಿಯಬೇಕಾದರೆ ದಿನದ ಜಗಳ ದಿನಕ್ಕೇ ಮುಗಿಯಬೇಕು. ಹಲಗೆಯ ಮೇಲೆ ನೀವು ಒಬ್ಬೊಬ್ಬರೇ ಇರುತ್ತೀರಿ ನಿಜ, ಆದರೆ ಕಂಬ ಹೊರುವುದು, ಹಾಯಿ ಬಿಗಿಯುವುದು, ಉಪ್ಪು ತೊಳೆಯುವುದು ಇನ್ನೊಬ್ಬರ ಜೊತೆಯಲ್ಲೇ. ನಿಮ್ಮ ಹಾಯಿ ಕಟ್ಟಿ ಆಯಿತೆಂದು ಓಡಬೇಡಿ, ಪಕ್ಕದವರ ಹಾಯಿ ನಿಂತಿದೆಯೋ ನೋಡಿ.

ಹೆಣ್ಣುಮಕ್ಕಳನ್ನು ಮಾತ್ರ ಮನೆಯಲ್ಲಿ ನಿಲ್ಲಿಸಬೇಕು ಎಂಬ ಮಾತು ನಮ್ಮ ಬೀದಿಯಲ್ಲಿ ಕೇಳಿಬಂದಿದೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ನಮ್ಮ ದೇಶದಿಂದ ಒಲಿಂಪಿಕ್ಸ್‌ನ ಹಾಯಿ ಪಂದ್ಯಕ್ಕೆ ಅರ್ಹತೆ ಪಡೆದ ಮೊದಲ ಹೆಣ್ಣು ಇದೇ ತಮಿಳುನಾಡಿನ ನೇತ್ರಾ ಕುಮನನ್, 2021ರಲ್ಲಿ. ನೇಹಾಳ ಮಾತು ಆಗಲೇ ಹೇಳಿದೆ. ಹಾಯಿ ಎತ್ತಲು ಬೇಕಾದ್ದು ಸಮತೋಲ. ತಲೆಯ ಮೇಲೆ ಎರಡು ಕೊಡ ಹೊತ್ತು ಗದ್ದೆಯ ಬದುವಿನಲ್ಲಿ ನಡೆದ ನಿಮ್ಮ ಅಜ್ಜಿಯರಿಗೆ ಅದು ಧಾರಾಳವಾಗಿತ್ತು.

ಶುರು ಎಲ್ಲಿಂದ ಎಂದರೆ, ಕಡಲಿನಿಂದ ಬೇಡ. ವೈಗೈ ಅಣೆಕಟ್ಟಿನ ನೀರು ಕಂಡು ಅಲ್ಲೇ ಹಲಗೆ ಇಳಿಸೋಣ ಎಂದು ನಿಮ್ಮಲ್ಲಿ ಒಬ್ಬರು ಅಂದಿರಿ. ಅಪ್ಪಣೆ ಇಲ್ಲದೆ ಅಲ್ಲಿ ಇಳಿಯುವ ಹಾಗಿಲ್ಲ. ತೂಬಿನ ಸೆಳೆತ ಮೇಲಿನಿಂದ ಕಾಣುವುದೂ ಇಲ್ಲ. ಬೆಟ್ಟದ ಬುಡದ ನೀರಿನಲ್ಲಿ ಗಾಳಿ ಒಮ್ಮೆ ಸತ್ತು ಒಮ್ಮೆ ರಾಚುತ್ತದೆ, ಕಲಿಯುವವರಿಗೆ ಅದು ಸಲ್ಲದು. ದಿಂಡಿಗಲ್ ಜಿಲ್ಲೆಯಲ್ಲಿ ಕೊಡೈಕೆನಾಲ್ ಕೆರೆ ಇದೆ. 1863ರಲ್ಲಿ ಮದುರೆಯ ಕಲೆಕ್ಟರಾಗಿದ್ದ ವೆರೆ ಹೆನ್ರಿ ಲೆವಿಂಜ್ ಅದನ್ನು ಕಟ್ಟಿಸಿ, ತೂತುಕುಡಿಯಿಂದ ದೋಣಿ ತರಿಸಿ ಬಿಟ್ಟರು. ಅಲ್ಲಿ ಹುಟ್ಟು ಹಾಕುವುದನ್ನು ಕಲಿಯಿರಿ. ದೋಣಿಯಲ್ಲಿ ಕೂತು, ಮುಖದ ಮೇಲೆ ಗಾಳಿ ಯಾವ ಕಡೆಯಿಂದ ತಾಗುತ್ತದೆ, ಎರಡೂ ಕಿವಿಗೆ ಒಂದೇ ಸಮ ಕೇಳುವ ಹಾಗೆ ತಿರುಗಿದರೆ ಎತ್ತ ನೋಡುತ್ತಿದ್ದೇವೆ ಎಂದು ಗಮನಿಸಿ. ನೀರಿನ ಮೇಲೆ ಕಪ್ಪಗೆ ಸುಕ್ಕುಗಟ್ಟಿದ ಪಟ್ಟಿಯೊಂದು ಓಡಿಬಂದರೆ ಗಾಳಿಯ ಹೊಸ ಬೀಸು ಬರುತ್ತಿದೆ ಎಂದು ಲೆಕ್ಕ. ಇಷ್ಟು ತಿಳಿದವರಿಗೆ ರಾಮೇಶ್ವರದ ಕಡೆಯಲ್ಲೋ ಚೆನ್ನೈಯಲ್ಲೋ ಕಲಿಸುವವರ ಕೆಲಸ ಅರ್ಧ ಹಗುರ.

ಅದಕ್ಕೂ ಮೊದಲು ಈಜು. ಬಾವಿಯಲ್ಲಿ ಹಾರಿ ಆಡಿದ್ದು ಸಾಲದು. ಬಟ್ಟೆ ತೊಟ್ಟು, ನಿಲ್ಲದೆ, ದಣಿವಾದಾಗ ಅಂಗಾತ ತೇಲುತ್ತ ಉಸಿರು ಹಿಡಿದುಕೊಳ್ಳುವಷ್ಟು ಬರಬೇಕು. ತೇನಿಯ ಈಜುಕೊಳಕ್ಕೆ ಈ ಬೇಸಗೆಯಲ್ಲೇ ಹೆಸರು ಬರೆಸಿ, ಹುಡುಗಿಯರ ಹೆಸರು ಮೊದಲು. ಫೀಸು ಹೊಂದಿಸಲಾಗದ ಮನೆಯವರು ಮುಜುಗರ ಪಡದೆ ನನ್ನ ಹತ್ತಿರ ಬರಲಿ. ಈಜು ಬಲ್ಲವರು ಬಾರದವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಬೇಕು, ಕರೆದುಕೊಂಡು ಬರಬೇಕು. ಮನೆಯಲ್ಲಿ ಒಪ್ಪಿಸುವ ಕೆಲಸ ನನಗೆ ಬಿಡಿ. ಭಾನುವಾರ ನಿಮ್ಮ ಅಪ್ಪ ಅಮ್ಮಂದಿರನ್ನು ನಮ್ಮ ಜಗುಲಿಗೆ ಕರೆತನ್ನಿ.